ಮಳೆಗಾಲದಲ್ಲಿ ಭೀಮಾ ನದಿಯ ಮೇಲೆ ಹರಿಗೋಲಿನಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಬಹುದೇ?

ಹೋಗಬಾರದು, ಕಲಬುರಗಿಯಲ್ಲಿ ಹನಿ ಮಳೆ ಬೀಳದ ದಿನವೂ ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆಯಿಂದ, ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ ಭೀಮಾ ಇಲ್ಲಿ ಏರುತ್ತದೆ. ದುಂಡಗಿನ, ಚಪ್ಪಟೆ ತಳದ ಹರಿಗೋಲು ಆಳವಿಲ್ಲದ ನಿಧಾನ ನೀರಿಗೆ ಹೇಳಿ ಮಾಡಿಸಿದ್ದು. ನೀರನ್ನು ಸೀಳುವ ಮೂತಿಯಾಗಲಿ ಚುಕ್ಕಾಣಿಯಾಗಲಿ ಇಲ್ಲದ ಕಾರಣ, ಸೆಳವಿಗೆ ಸಿಕ್ಕರೆ ಗಿರಗಿರನೆ ತಿರುಗುತ್ತ ಅಂಬಿಗರ ಹುಟ್ಟಿನ ಹಿಡಿತ ಮೀರಿ ಕೊಚ್ಚಿಕೊಂಡು ಹೋಗುತ್ತದೆ. ಪ್ರವಾಹ ಇಳಿದ ಮೇಲೆ, ಅದೂ ಸ್ಥಳೀಯ ಅಂಬಿಗರು ಒಪ್ಪಿದರೆ ಮಾತ್ರ, ಲೈಫ್ ಜಾಕೆಟ್ ತೊಟ್ಟು ಹೊರಡಿ. ಉಳಿದಂತೆ ನಾಲವಾರ ರೈಲು ನಿಲ್ದಾಣದಿಂದ ರಸ್ತೆಯೇ ಲೇಸು.

ಹೇಗೆ ಬಂದರೂ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಕಾ ಗುಡಿಯನ್ನು ತಪ್ಪದೆ ನೋಡಿ: 1986ರಲ್ಲಿ ಅದರ ಚಾವಣಿ ಕುಸಿದಾಗಲೇ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡದ್ದು, ವಿಗ್ರಹ ನಿಲ್ಲಿಸಲೆಂದು ಕೊರೆದ ಕುಳಿಯಿಂದಾಗಿ ಅದರ ಕೆಲವು ಅಕ್ಷರಗಳು ನಷ್ಟವಾಗಿವೆ.