ಮೂವತ್ತು ಆಟಕ್ಕೆ ಮೂವತ್ತು ಕಾನ್ಫ್ ಫೈಲು ಬೇಕೆ? — ಡಾಸ್‌ಬಾಕ್ಸ್ ಪ್ರಶ್ನೋತ್ತರ

ಈ ಸಲದ ಪತ್ರಗಳೆಲ್ಲ ಹಳೆಯ ಡಾಸ್ ಕಾಲದ ಪ್ರೋಗ್ರಾಮುಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ಬಗ್ಗೆ. ಡಾಸ್‌ಬಾಕ್ಸ್ ಅಂದರೆ ಹಳೆಯ ಡಾಸ್ ಯಂತ್ರದ ನಕಲನ್ನು ಇಂದಿನ ಯಂತ್ರದೊಳಗೆ ನಡೆಸುವ ಪ್ರೋಗ್ರಾಮು; ಅದರ ಸೆಟ್ಟಿಂಗುಗಳನ್ನು ಬರೆದಿಡುವ ಫೈಲೇ ಕಾನ್ಫ್ ಫೈಲು. ಉತ್ತರಗಳು 2019ರಲ್ಲಿ ಬಂದ ಡಾಸ್‌ಬಾಕ್ಸ್ 0.74-3 ಆವೃತ್ತಿಗೆ, ವಿಂಡೋಸ್ ಯಂತ್ರಕ್ಕೆ ಹೊಂದುವಂಥವು. ಸೆಟ್ಟಿಂಗ್ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಅಚ್ಚು ಹಾಕಿದ್ದೇವೆ. ಫೈಲಿನಲ್ಲಿ ಬರೆಯುವಾಗ ಇಂಗ್ಲಿಷ್ ಅಕ್ಷರವನ್ನೇ ಬಳಸಿ.

ಪ್ರಶ್ನೆ: ಆಟ, ಲೆಕ್ಕದ ಪ್ರೋಗ್ರಾಮು ಎಲ್ಲ ಸೇರಿ ನನ್ನಲ್ಲಿ ಮೂವತ್ತರಷ್ಟಿವೆ. ಒಂದೊಂದರ ಫೋಲ್ಡರಿನಲ್ಲೂ ಕಾನ್ಫ್ ಫೈಲಿನ ಪೂರ್ತಿ ಪ್ರತಿ ಇಟ್ಟಿದ್ದೇನೆ. ಹೊಸ ಮಾನಿಟರ್ ತಂದ ಮೇಲೆ ಕಿಟಕಿಯ ಅಳತೆ ಬದಲಿಸಲು ಮೂವತ್ತನ್ನೂ ತಿದ್ದಬೇಕಾಗಿದೆ. ಬೇರೆ ದಾರಿ ಇದೆಯೇ?
— ಡೊಂಬಿವಲಿಯ ಓದುಗರು

ಉತ್ತರ: ಇದೆ. ಕಾನ್ಫ್ ಫೈಲಿನಲ್ಲಿ ಎಲ್ಲ ಸಾಲುಗಳೂ ಇರಲೇಬೇಕೆಂದಿಲ್ಲ. ಬರೆಯದೆ ಬಿಟ್ಟದ್ದಕ್ಕೆ ಡಾಸ್‌ಬಾಕ್ಸ್ ತನ್ನೊಳಗಿನ ಮೂಲ ಬೆಲೆಯನ್ನೇ ಹಿಡಿಯುತ್ತದೆ. ಅಲ್ಲದೆ ಒಂದೇ ಸಲಕ್ಕೆ ಎರಡು ಮೂರು ಕಾನ್ಫ್ ಫೈಲು ಕೊಡಬಹುದು. ಒಂದೇ ಸೆಟ್ಟಿಂಗ್ ಎರಡು ಕಡೆ ಇದ್ದರೆ ಕೊನೆಗೆ ಓದಿದ್ದು ಗೆಲ್ಲುತ್ತದೆ. ಆದ್ದರಿಂದ ನಿಮ್ಮ ಯಂತ್ರಕ್ಕೆ ಸೇರಿದ್ದನ್ನು ‘ಸಾಮಾನ್ಯ’ ಎಂಬ ಒಂದು ಫೈಲಿಗೆ ಹಾಕಿ, ಆಟಕ್ಕೆ ಸೇರಿದ್ದನ್ನು ಮಾತ್ರ ಆಟದ ಫೈಲಿನಲ್ಲಿ ಉಳಿಸಿ. ಶಾರ್ಟ್‌ಕಟ್‌ನ ಟಾರ್ಗೆಟ್ ಸಾಲಿನಲ್ಲಿ ‘-ಕಾನ್ಫ್’ ಎಂದು ಬರೆದು ಮೊದಲು ಸಾಮಾನ್ಯ ಫೈಲಿನ ದಾರಿ, ಮತ್ತೆ ‘-ಕಾನ್ಫ್’ ಎಂದು ಆಟದ ಫೈಲಿನ ದಾರಿ. ಈ ಕ್ರಮ ತಿರುಗಿಸಿದರೆ ಸಾಮಾನ್ಯ ಫೈಲೇ ಆಟದ್ದನ್ನು ಅಳಿಸಿಹಾಕುತ್ತದೆ.

ಯಾವುದು ಎಲ್ಲಿಗೆ? ಮಾನಿಟರ್, ಸ್ಪೀಕರ್, ನಿಮ್ಮ ಕಣ್ಣಿನ ರುಚಿ ಇವುಗಳಿಗೆ ಸಂಬಂಧಿಸಿದ್ದು ಸಾಮಾನ್ಯ ಫೈಲಿಗೆ: ಎಸ್‌ಡಿಎಲ್ ವಿಭಾಗದ ಫುಲ್‌ಸ್ಕ್ರೀನ್, ಔಟ್‌ಪುಟ್, ವಿಂಡೋರೆಸಲ್ಯೂಷನ್; ರೆಂಡರ್ ವಿಭಾಗದ ಆಸ್ಪೆಕ್ಟ್, ಸ್ಕೇಲರ್; ಮಿಕ್ಸರ್ ಪೂರ್ತಿ. ಇಲ್ಲಿ ಒಂದು ಕೊಕ್ಕೆ ಇದೆ. ಔಟ್‌ಪುಟ್ ಮೂಲದಲ್ಲಿ ‘ಸರ್ಫೇಸ್’ ಆಗಿರುತ್ತದೆ; ಅದಿದ್ದಷ್ಟು ಕಾಲ ವಿಂಡೋರೆಸಲ್ಯೂಷನ್‌ಗೆ ಏನೇ ಬರೆದರೂ ಕಿಟಕಿ ಅಲುಗುವುದಿಲ್ಲ. ‘ಓಪನ್‌ಜಿಎಲ್’ ಮಾಡಿ, ಆಮೇಲೆ ಅಳತೆ ಕೊಡಿ. ಆಸ್ಪೆಕ್ಟನ್ನೂ ‘ಟ್ರೂ’ ಮಾಡಿಬಿಡಿ. ಆ ಕಾಲದ ಬಹುಪಾಲು ಆಟ 320×200 ಚುಕ್ಕಿಯವು. ಹಳೆಯ 4:3 ಪರದೆ ಅದನ್ನು ಎತ್ತರಕ್ಕೆ ಎಳೆದು ತೋರಿಸುತ್ತಿತ್ತು. ಎಳೆಯದಿದ್ದರೆ ಚಕ್ರ ಮೊಟ್ಟೆಯಾಗಿ ಕಾಣುತ್ತದೆ.

ಆಟದ ಫೈಲಿಗೆ ಉಳಿಯುವುದು ನಾಲ್ಕೈದು ಸಾಲು. ಸಿಪಿಯು ವಿಭಾಗದ ಸೈಕಲ್ಸ್ (ನಕಲು ಯಂತ್ರದ ವೇಗ), ಡಾಸ್‌ಬಾಕ್ಸ್ ವಿಭಾಗದ ಮಷೀನ್ (ಯಾವ ಬಗೆಯ ಪರದೆ ಕಾರ್ಡ್ ಎಂಬುದು), ಬೇಕಿದ್ದರೆ ಮೆಮ್‌ಸೈಜ್ (ಮೂಲದಲ್ಲಿ 16 ಎಂಬಿ, ಬಹಳಷ್ಟಕ್ಕೆ ಸಾಕು), ಆಟದ ಸ್ವಂತ ಸೆಟಪ್ಪು ಬೇರೆ ಏನಾದರೂ ಕೇಳಿದರೆ ಮಾತ್ರ ಸೌಂಡ್‌ಬ್ಲಾಸ್ಟರ್‌ನ ಸಾಲು, ಕೊನೆಗೆ ಆಟೋಎಕ್ಸೆಕ್ (ಡಾಸ್‌ಬಾಕ್ಸ್ ತೆರೆದೊಡನೆ ತಾನಾಗಿ ಓಡುವ ಆಜ್ಞೆಗಳು). ಉದಾಹರಣೆಗೆ 80ರ ದಶಕದ ನಾಲ್ಕು ಬಣ್ಣದ ಆಟವೊಂದಕ್ಕೆ ಮಷೀನ್=ಸಿಜಿಎ, ಸೈಕಲ್ಸ್ 300ರ ಆಸುಪಾಸು. ಇಷ್ಟೇ ಇರುವ ಫೈಲನ್ನು ವರ್ಷ ಬಿಟ್ಟು ತೆರೆದರೂ ಯಾವುದನ್ನು ಏಕೆ ಬದಲಿಸಿದಿರಿ ಎಂದು ಕಣ್ಣಿಗೆ ಬೀಳುತ್ತದೆ. ಟಿಪ್ಪಣಿ ಬರೆಯುವುದಾದರೆ ಬೇರೆಯೇ ಸಾಲಿನಲ್ಲಿ, ಮೊದಲು # ಹಾಕಿ ಬರೆಯಿರಿ; ಸೆಟ್ಟಿಂಗ್‌ನ ಬಾಲಕ್ಕೆ ಅಂಟಿಸಬೇಡಿ.

‘ಕೊನೆಯದು ಗೆಲ್ಲುತ್ತದೆ’ ಎಂಬ ಮಾತಿಗೆ ಆಟೋಎಕ್ಸೆಕ್ ಹೊರತು. ಅದು ಗೆಲ್ಲುವುದಿಲ್ಲ, ಸೇರಿಕೊಳ್ಳುತ್ತದೆ: ಮೊದಲ ಫೈಲಿನ ಸಾಲುಗಳು, ಅವುಗಳ ಹಿಂದೆಯೇ ಎರಡನೆಯದರವು. ಎರಡರಲ್ಲೂ ‘ಮೌಂಟ್ ಸಿ’ (ವಿಂಡೋಸ್‌ನ ಒಂದು ಫೋಲ್ಡರನ್ನು ಸಿ ಡ್ರೈವ್ ಎಂದು ತೋರಿಸುವ ಆಜ್ಞೆ) ಇದ್ದರೆ, ಸಿ ಡ್ರೈವ್ ಆಗಲೇ ಮೌಂಟ್ ಆಗಿದೆ ಎಂಬ ದೂರು ಬರುತ್ತದೆ, ಮೊದಲಿನದೇ ಉಳಿಯುತ್ತದೆ, ನಿಮ್ಮ ಆಟ ಸಿಗುವುದಿಲ್ಲ. ಮೌಂಟ್ ಸಾಲು ಆಟದ ಫೈಲಿನಲ್ಲಿ ಮಾತ್ರ ಇರಲಿ. ದಾರಿಯಲ್ಲಿ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ‘ಮೌಂಟ್ ಸಿ .’ ಎಂದು ಚುಕ್ಕಿ ಇಡುವವರು ಗಮನಿಸಬೇಕಾದ್ದು: ಆ ಚುಕ್ಕಿ ಕಾನ್ಫ್ ಫೈಲು ಇರುವ ಜಾಗವಲ್ಲ, ಶಾರ್ಟ್‌ಕಟ್‌ನ ‘ಸ್ಟಾರ್ಟ್ ಇನ್’ ಖಾನೆಯಲ್ಲಿರುವ ಜಾಗ.

ಈಗಿರುವ ಮೂವತ್ತನ್ನು ಹೇಗೆ ಇಳಿಸುವುದು? ವಿಂಡೋಸ್‌ನಲ್ಲಿ ನಿಮ್ಮ ಯೂಸರ್ ಫೋಲ್ಡರಿನ ಆಪ್‌ಡೇಟಾದೊಳಗೆ ಲೋಕಲ್, ಅದರೊಳಗೆ ಡಾಸ್‌ಬಾಕ್ಸ್ ಫೋಲ್ಡರಿದೆ. ಅಲ್ಲಿರುವ ಕಾನ್ಫ್ ಫೈಲಿನ ಹೆಸರು ಬದಲಿಸಿಟ್ಟು, ಡಾಸ್‌ಬಾಕ್ಸನ್ನು ಅದರದೇ ಸ್ಟಾರ್ಟ್ ಮೆನು ಶಾರ್ಟ್‌ಕಟ್‌ನಿಂದ ಒಮ್ಮೆ ತೆರೆಯಿರಿ. ಮೂಲ ಬೆಲೆಗಳಿರುವ ಹೊಸ ಫೈಲನ್ನು ಅದೇ ಬರೆದಿಡುತ್ತದೆ. ಆಮೇಲೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಎಫ್‌ಸಿ’ ಆಜ್ಞೆಗೆ ಈ ಹೊಸ ಫೈಲನ್ನೂ ನಿಮ್ಮ ಹಳೆಯ ಪ್ರತಿಯನ್ನೂ ಕೊಟ್ಟರೆ ವ್ಯತ್ಯಾಸದ ಸಾಲುಗಳನ್ನು ತೋರಿಸುತ್ತದೆ. ಆಟದ ಫೈಲಿನಲ್ಲಿ ಉಳಿಯಬೇಕಾದ್ದು ಅವುಗಳಲ್ಲೇ ಇದೆ. ಒಂದೇ ದಿನ ಮೂವತ್ತಕ್ಕೂ ಕೈಹಾಕಬೇಡಿ. ಯಾವ ಆಟ ತೆರೆಯುತ್ತೀರೋ ಆ ದಿನ ಅದರದ್ದು ಮಾಡಿ. ಸಾಮಾನ್ಯ ಫೈಲನ್ನು ಆಪ್‌ಡೇಟಾದಲ್ಲಿ ಇಡದೆ ಆಟಗಳ ಜೊತೆಗೇ ಇಡುವುದು ನಮ್ಮ ಪಕ್ಷ. ಆಪ್‌ಡೇಟಾ ಅಡಗಿರುವ ಫೋಲ್ಡರು. ಬ್ಯಾಕಪ್ ತೆಗೆಯುವಾಗ ಮೊದಲು ಮರೆತುಹೋಗುವುದು ಅದೇ.

ಪ್ರಶ್ನೆ: ಕಾನ್ಫ್ ಫೈಲಿನಲ್ಲಿ ಏನು ಬದಲಿಸಿದರೂ ಪರಿಣಾಮವಿಲ್ಲ. ಏನು ತಪ್ಪು?
— ಪಿಂಪ್ರಿಯ ಓದುಗರು

ಉತ್ತರ: ನೀವು ತಿದ್ದುವ ಫೈಲು ಒಂದು, ಅದು ಓದುವ ಫೈಲು ಇನ್ನೊಂದು. ಡಾಸ್‌ಬಾಕ್ಸ್ ಜೊತೆಗೆ ತೆರೆಯುವ ಕಪ್ಪು ಕಿಟಕಿಯನ್ನು ಮುಚ್ಚದೆ ಓದಿ. ಯಾವ ಕಾನ್ಫ್ ಫೈಲನ್ನು ಎತ್ತಿಕೊಂಡೆ ಎಂದು ಅಲ್ಲಿ ಹೇಳಿರುತ್ತದೆ. ಹುಡುಕುವ ಕ್ರಮ ಹೀಗೆ: ‘-ಕಾನ್ಫ್’ ಕೊಟ್ಟಿದ್ದರೆ ಅದು. ಇಲ್ಲದಿದ್ದರೆ ತಾನು ಹೊರಟ ಫೋಲ್ಡರಿನಲ್ಲಿ ‘ಡಾಸ್‌ಬಾಕ್ಸ್.ಕಾನ್ಫ್’ ಇದೆಯೇ ಎಂದು ನೋಡುತ್ತದೆ. ಅದೂ ಇಲ್ಲದಿದ್ದರೆ ಮಾತ್ರ ಆಪ್‌ಡೇಟಾದ್ದು. ಯಾವಾಗಲೋ ಇಟ್ಟು ಮರೆತ ಒಂದು ಡಾಸ್‌ಬಾಕ್ಸ್.ಕಾನ್ಫ್ ಆಪ್‌ಡೇಟಾದ ಫೈಲಿಗೆ ಅಡ್ಡ ನಿಂತಿರುತ್ತದೆ. ಆಪ್‌ಡೇಟಾದ್ದೂ ಬೇಕು, ‘-ಕಾನ್ಫ್’ ಕೊಟ್ಟದ್ದೂ ಬೇಕು ಎಂದಾದರೆ ‘-ಯೂಸರ್‌ಕಾನ್ಫ್’ ಎಂದೂ ಸೇರಿಸಿ.

ದಾರಿ ಸರಿಯಿದ್ದರೆ ಮುಂದೆ ನೋಡಬೇಕಾದ್ದು ಮೂರು. ನೋಟ್‌ಪ್ಯಾಡ್ ಹೆಸರಿನ ಕೊನೆಗೆ ‘.ಟಿಎಕ್ಸ್‌ಟಿ’ ಅಂಟಿಸಿದ್ದು, ಎಕ್ಸ್‌ಪ್ಲೋರರ್ ಅದನ್ನು ಅಡಗಿಸಿರಬಹುದು. ಸೆಟ್ಟಿಂಗ್ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ಡಾಸ್‌ಬಾಕ್ಸ್ ಚಕಾರವೆತ್ತದೆ ಆ ಸಾಲನ್ನು ಬಿಟ್ಟುಬಿಡುತ್ತದೆ. ಬೆಲೆ ತಪ್ಪಿದ್ದರೆ ಮಾತ್ರ ಕಪ್ಪು ಕಿಟಕಿಯಲ್ಲಿ ಗೊಣಗುತ್ತದೆ. ಮೂರನೆಯದು ಕಣ್ಣಿಗೆ ಕಾಣದ ಪೀಡೆ: ಹಳೆಯ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಆಗಿ ಉಳಿಸಿದರೆ ಫೈಲಿನ ತಲೆಗೆ ಮೂರು ಬೈಟಿನ ಗುರುತು ಬೀಳುತ್ತದೆ. ಮೊದಲ ಸಾಲೇ ಚೌಕ ಆವರಣದ ವಿಭಾಗದ ಹೆಸರಾಗಿದ್ದರೆ ಅದು ಗುರುತೇ ಸಿಗದೆ, ಆ ವಿಭಾಗದ ಸಾಲುಗಳೆಲ್ಲ ವ್ಯರ್ಥ. ಮೊದಲ ಸಾಲಾಗಿ ಒಂದು # ಟಿಪ್ಪಣಿ ಇಟ್ಟರೆ ಪೆಟ್ಟು ಅದರ ಮೇಲೆ ಬೀಳುತ್ತದೆ, ಉಳಿದದ್ದು ಕ್ಷೇಮ.

ಪ್ರಶ್ನೆ: ಕಾಲೇಜಿನ ಲ್ಯಾಬಿಗಾಗಿ ಡಾಸ್‌ಬಾಕ್ಸಿನಲ್ಲಿ ಟರ್ಬೊ ಸಿ++ ಹಾಕಿಕೊಂಡಿದ್ದೇನೆ. ರನ್ ಮಾಡಲು ಕಂಟ್ರೋಲ್-ಎಫ್9 ಒತ್ತಿದರೆ ಇಡೀ ಕಿಟಕಿಯೇ ಮಾಯ! ಬರೆದ ಪ್ರೋಗ್ರಾಮೂ ಹೋಗುತ್ತದೆ. ಜೊತೆಗೆ ಗ್ರಾಫಿಕ್ಸ್ ಪ್ರೋಗ್ರಾಮಿಗೆ ‘ಬಿಜಿಐ ಎರರ್’ ಬರುತ್ತದೆ.
— ಪುಣೆಯ ವಿದ್ಯಾರ್ಥಿನಿ

ಉತ್ತರ: ಟರ್ಬೊ ಸಿಯಲ್ಲಿ ಕಂಟ್ರೋಲ್-ಎಫ್9 ಅಂದರೆ ರನ್, ಡಾಸ್‌ಬಾಕ್ಸಿನಲ್ಲಿ ಅದೇ ಕೀಲಿ ಅಂದರೆ ‘ಈಗಲೇ ಮುಚ್ಚು’. ಡಾಸ್‌ಬಾಕ್ಸಿಗೆ ಆ ಕೀಲಿಯನ್ನು ಮರೆಸಿಬಿಡಿ. ಕಂಟ್ರೋಲ್-ಎಫ್1 ಒತ್ತಿದರೆ ಕೀಬೋರ್ಡಿನ ಚಿತ್ರವಿರುವ ಮ್ಯಾಪರ್ ಪರದೆ ಬರುತ್ತದೆ. ಅಲ್ಲಿ ‘ಶಟ್‌ಡೌನ್’ ಬಟನ್ ಒತ್ತಿ, ಆಮೇಲೆ ‘ಡೆಲ್’, ಆಮೇಲೆ ‘ಸೇವ್’, ‘ಎಕ್ಸಿಟ್’. ‘ಸೇವ್’ ಮರೆತರೆ ಮುಂದಿನ ಸಲ ಮತ್ತೆ ಅದೇ ಕಥೆ. ಮುಚ್ಚಲು ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆ ಇದ್ದೇ ಇದೆ.

ಈ ಬದಲಾವಣೆ ಎಲ್ಲ ಆಟಗಳಿಗೂ ತಾಗಬಾರದು ಎಂದಿದ್ದರೆ, ಟರ್ಬೊ ಸಿಯ ಕಾನ್ಫ್ ಫೈಲಿನ ಎಸ್‌ಡಿಎಲ್ ವಿಭಾಗದಲ್ಲಿ ‘ಮ್ಯಾಪರ್‌ಫೈಲ್’ ಎಂಬುದಕ್ಕೆ ಬೇರೆ ಹೆಸರು, ಪೂರ್ತಿ ದಾರಿ ಸಮೇತ, ಮೊದಲೇ ಕೊಟ್ಟು ಆಮೇಲೆ ಮ್ಯಾಪರ್ ತೆರೆಯಿರಿ.

ಬಿಜಿಐ ಎರರ್ ಡಾಸ್‌ಬಾಕ್ಸಿನದಲ್ಲ; ಬಿಜಿಐ ಅಂದರೆ ಟರ್ಬೊ ಸಿಯ ಗ್ರಾಫಿಕ್ಸ್ ಡ್ರೈವರುಗಳು. ಗ್ರಾಫಿಕ್ಸ್ ಶುರು ಮಾಡುವ ಇನಿಟ್‌ಗ್ರಾಫ್‌ಗೆ ಕೊಡುವ ಮೂರನೆಯ ಮಾಹಿತಿ ಬಿಜಿಐ ಫೋಲ್ಡರಿನ ದಾರಿ, ಅದೂ ಡಾಸ್‌ಬಾಕ್ಸಿನ ಒಳಗಿನಿಂದ ಕಾಣುವ ದಾರಿ. ಟಿಸಿ ಫೋಲ್ಡರ್ ಇರುವ ಜಾಗವನ್ನು ಸಿ ಎಂದು ಮೌಂಟ್ ಮಾಡಿದ್ದರೆ ಅದು ‘ಸಿ:\\ಟಿಸಿ\\ಬಿಜಿಐ’. ಸಿ ಭಾಷೆಯಲ್ಲಿ ಓರೆಗೆರೆ ಒಂದೇ ಹಾಕಿದರೆ ಅದನ್ನು ಸಂಕೇತವೆಂದು ತಿಳಿಯುತ್ತದೆ, ಹಾಗಾಗಿ ಎರಡು. ಹೆಡರ್ ಫೈಲು ಸಿಗುತ್ತಿಲ್ಲ ಎಂದರೆ ಆಪ್ಷನ್ಸ್ ಮೆನುವಿನ ಡೈರೆಕ್ಟರೀಸ್‌ನಲ್ಲೂ ಇದೇ ಡ್ರೈವಿನ ದಾರಿ ಇರಬೇಕು. ಅಲ್ಲಿ ಓರೆಗೆರೆ ಒಂದೇ. ಇನ್ನು, ವಿಂಡೋಸ್ ಕಡೆಯಿಂದ ಫೋಲ್ಡರಿಗೆ ಹಾಕಿದ ಫೈಲು ಒಳಗೆ ಕಾಣದಿದ್ದರೆ ಕಂಟ್ರೋಲ್-ಎಫ್4 ಒತ್ತಿ.

ಪ್ರಶ್ನೆ: ಹಳೆಯ ಬಿಲ್ಲಿಂಗ್ ಪ್ರೋಗ್ರಾಮು ತೆರೆದ ಕೂಡಲೇ ‘ರನ್‌ಟೈಮ್ ಎರರ್ 200’ ಎಂದು ನಿಲ್ಲುತ್ತದೆ.
— ಮಾಟುಂಗಾದ ಓದುಗರು

ಉತ್ತರ: ಇದು ಟರ್ಬೊ ಪಾಸ್ಕಲ್ 7ರಲ್ಲಿ ಬರೆದ ಪ್ರೋಗ್ರಾಮಿನ ರೋಗ. ಶುರುವಿನಲ್ಲೇ ಅದು ಗಡಿಯಾರದ ಒಂದು ಮಿಡಿತದಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ, ಎಷ್ಟು ಸುತ್ತು ಹಾಕಬಲ್ಲೆ ಎಂದು ಎಣಿಸಿ, ಬಂದದ್ದನ್ನು 55ರಿಂದ ಭಾಗಿಸುತ್ತದೆ. ಯಂತ್ರ ತೀರ ವೇಗದ್ದಾದರೆ ಭಾಗಲಬ್ಧ 65535 ದಾಟಿ 16 ಬಿಟ್ಟಿನಲ್ಲಿ ಹಿಡಿಸದೆ ಕುಸಿಯುತ್ತದೆ. ನಿಮ್ಮಲ್ಲಿ ಸೈಕಲ್ಸ್ ‘ಮ್ಯಾಕ್ಸ್’ ಆಗಿರಬೇಕು. ಆ ಪ್ರೋಗ್ರಾಮಿನ ಕಾನ್ಫ್‌ನಲ್ಲಿ ‘ಫಿಕ್ಸ್‌ಡ್ 20000’ ಮಾಡಿ. ತೆರೆದ ಮೇಲೆ ನಿಧಾನ ಅನ್ನಿಸಿದರೆ ಕಂಟ್ರೋಲ್-ಎಫ್12 ಒತ್ತುತ್ತ ಏರಿಸಬಹುದು. ಎಣಿಕೆ ಆಗಲೇ ಮುಗಿದಿರುತ್ತದೆ.

ಪ್ರಶ್ನೆ: ಮೂರೂವರೆ ಇಂಚಿನ ಫ್ಲಾಪಿಗಳು ಮಳೆಗಾಲ ಕಳೆದಾಗ ಬೂಷ್ಟು ಹಿಡಿದಿವೆ. ಅವುಗಳಲ್ಲಿರುವುದನ್ನು ಡಾಸ್‌ಬಾಕ್ಸಿಗೆ ತರುವುದು ಹೇಗೆ?
— ವಾಸ್ಕೋದ ಓದುಗರು

ಉತ್ತರ: ಮೊದಲು ಡ್ರೈವಿಗೆ ಹಾಕಬೇಡಿ. ಲೋಹದ ಮುಚ್ಚಳ ಸರಿಸಿ, ಹಿಂಬದಿಯ ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತ ಬೆಳಕಿಗೆ ಹಿಡಿದು ನೋಡಿ. ಬಿಳಿ ಮಚ್ಚೆ ಕಂಡರೆ ಹಾಗೆಯೇ ಓದಿಸಬೇಡಿ: ಬೂಷ್ಟು ಡ್ರೈವಿನ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಕಡ್ಡಿಯಿಂದ ಎರಡೂ ಬದಿ ಹಗುರವಾಗಿ ಒರೆಸಿ, ಪೂರ್ತಿ ಒಣಗಿಸಿ. ಮೂಲೆಯ ಚಿಟಕಿ ಸರಿಸಿ ತೂತು ತೆರೆದಿಡಿ. ಆಗ ತಪ್ಪಿಯೂ ಅದರ ಮೇಲೆ ಬರೆಯಲಾಗದು.

ಯುಎಸ್‌ಬಿ ಫ್ಲಾಪಿ ಡ್ರೈವಿನಿಂದ ವಿನ್‌ಇಮೇಜ್‌ನಂಥ ಪ್ರೋಗ್ರಾಮಿನಲ್ಲಿ ಇಡೀ ಫ್ಲಾಪಿಯ ಇಮೇಜ್ (ಪೂರ್ತಿ ನಕಲಿರುವ ಒಂದೇ ಫೈಲು) ತೆಗೆಯಿರಿ. 1.44 ಎಂಬಿ ಫ್ಲಾಪಿಯ ಇಮೇಜ್ ಸರಿಯಾಗಿ 14,74,560 ಬೈಟ್ ಇರಬೇಕು. ಎರಡು ಬದಿ, ಬದಿಗೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಕಮ್ಮಿ ಇದ್ದರೆ ಓದು ಮಧ್ಯದಲ್ಲೇ ನಿಂತಿದೆ ಎಂದರ್ಥ. ಆಟೋಎಕ್ಸೆಕ್‌ನಲ್ಲಿ ‘ಐಎಂಜಿಮೌಂಟ್ ಎ’, ಇಮೇಜಿನ ದಾರಿ, ‘-ಟಿ ಫ್ಲಾಪಿ’ ಎಂದು ಬರೆದರೆ ಎ ಡ್ರೈವ್ ಸಿದ್ಧ. ಐದಾರು ಫ್ಲಾಪಿಯ ಇನ್‌ಸ್ಟಾಲರ್ ಆಗಿದ್ದರೆ ಎಲ್ಲದರ ಫೈಲುಗಳನ್ನೂ ಒಂದೇ ಫೋಲ್ಡರಿಗೆ ಸುರಿದು, ಆ ಫೋಲ್ಡರನ್ನೇ ‘-ಟಿ ಫ್ಲಾಪಿ’ ಜೊತೆ ಎ ಎಂದು ಮೌಂಟ್ ಮಾಡಿ ನೋಡಿ. ಅನೇಕ ಇನ್‌ಸ್ಟಾಲರುಗಳು ಇದಕ್ಕೆ ಒಪ್ಪುತ್ತವೆ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಹಳೆಯ ಸದಸ್ಯರ ಪಟ್ಟಿಯನ್ನು ಜಿಸ್ಟ್ ಕಾರ್ಡ್ ಇದ್ದ ಯಂತ್ರದಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ್ದರು. ಡಾಸ್‌ಬಾಕ್ಸಿನಲ್ಲಿ ತೆರೆದರೆ ಬರೀ ಗೆರೆ, ಚೌಕಗಳು. ಯಾವ ಸೆಟ್ಟಿಂಗ್ ಬದಲಿಸಬೇಕು?
— ಪುಣೆಯ ಓದುಗರು

ಉತ್ತರ: ಯಾವುದನ್ನು ಬದಲಿಸಿದರೂ ಬರುವುದಿಲ್ಲ. ನಿಮ್ಮ ಊರಿನ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡಾಕ್ ಹೊರತಂದ ಜಿಸ್ಟ್ ಕಾರ್ಡ್ ಯಂತ್ರದೊಳಗೆ ಕೂರಿಸುವ ಹಲಗೆ; ಪರದೆಯ ಮೇಲೆ ಕನ್ನಡ ಬರೆಯುತ್ತಿದ್ದುದು ಅದೇ. ಡಾಸ್‌ಬಾಕ್ಸಿನಲ್ಲಿ ಅದರ ನಕಲು ಇಲ್ಲ. ಆದರೆ ಅಕ್ಷರಗಳು ಫೈಲಿನಲ್ಲಿ ಸುರಕ್ಷಿತವಾಗಿವೆ, ಇಸ್ಕಿ ಸಂಕೇತದಲ್ಲಿ (1991ರ ಭಾರತೀಯ ಮಾನಕ ಐಎಸ್ 13194). ಅದರಲ್ಲಿ ‘ಕ’ ಅಂದರೆ 179. ಕಾರ್ಡ್ ಇಲ್ಲದ ಪರದೆಗೆ 179 ಅಂದರೆ ಒಂದು ನಿಂತ ಗೆರೆ. ನೀವು ನೋಡುತ್ತಿರುವ ಗೆರೆಗಳು ಅವೇ.

ಹಾಗಾಗಿ ಡಾಸ್‌ಬಾಕ್ಸ್ ಬದಿಗಿಟ್ಟು ಫೈಲಿನ ಪ್ರತಿಯೊಂದನ್ನು ಯೂನಿಕೋಡಿಗೆ ತನ್ನಿ. ವಿಂಡೋಸ್‌ನಲ್ಲಿ ಇಸ್ಕಿ ಕನ್ನಡಕ್ಕೆ ಕೋಡ್ ಪೇಜ್ ಸಂಖ್ಯೆ 57008. ವಿಂಡೋಸ್ ಜೊತೆಗೇ ಬರುವ 5.1 ಅಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕಾದ ಪವರ್‌ಶೆಲ್ 7ರಲ್ಲಿ ಫೈಲನ್ನು ಓದುವ ಆಜ್ಞೆಗೆ ಎನ್‌ಕೋಡಿಂಗ್ ಆಗಿ ಈ ಸಂಖ್ಯೆ ಕೊಟ್ಟು, ಯುಟಿಎಫ್-8 ಆಗಿ ಬೇರೆ ಹೆಸರಿನಲ್ಲಿ ಉಳಿಸಿ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಉಚ್ಚಾರಕ್ಕೆ ಒಂದೇ ಸಂಖ್ಯೆ ಇರುವುದರಿಂದ 57002 ಎಂದು ಕೊಟ್ಟರೆ ಅದೇ ಪಟ್ಟಿ ದೇವನಾಗರಿಯಲ್ಲಿ ಬರುತ್ತದೆ. ಮರಾಠಿ ಬಲ್ಲ ಲೆಕ್ಕಿಗರಿಗೆ ಕೊಡುವುದಿದ್ದರೆ ಇದೂ ಒಂದು ಅನುಕೂಲ. ಬಂದದ್ದು ಅರ್ಥವಿಲ್ಲದ ಅಕ್ಷರಗಳ ಸಾಲಾಗಿದ್ದರೆ ಆ ಫೈಲು ಇಸ್ಕಿಯದ್ದಲ್ಲ, ಯಾವುದೋ ಫಾಂಟಿಗೆ ಅಂಟಿಕೊಂಡ ಸಂಕೇತದ್ದು. ಆಗ ಆ ಫಾಂಟಿಗೇ ಮಾಡಿದ ಪರಿವರ್ತಕ ಬೇಕು. ಮೊದಲು ನಿಮಗೆ ಗೊತ್ತಿರುವ ಹತ್ತು ಹೆಸರುಗಳನ್ನು ಹೋಲಿಸಿ ನೋಡಿ, ಆಮೇಲೆ ಇಡೀ ಪಟ್ಟಿಗೆ ಕೈಹಾಕಿ.