ಪಕ್ಷದ ಅಧ್ಯಕ್ಷರಿಗೆ ಮತ ಹಾಕುವವರು ಯಾರು?

ಪ್ರಶ್ನೆ: ನಾನು ಕಾಂಗ್ರೆಸ್ಸಿನ ಪ್ರಾಥಮಿಕ ಸದಸ್ಯ, ರಸೀದಿಯೂ ನನ್ನಲ್ಲಿದೆ. 2022ರಲ್ಲಿ ರಾಷ್ಟ್ರೀಯ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದಾಗ ನನಗೆ ಮತ ಹಾಕುವ ಅವಕಾಶವೇ ಸಿಗಲಿಲ್ಲ. ಬಿಜೆಪಿಯಲ್ಲಿರುವ ಗೆಳೆಯರು, ‘ನಮ್ಮಲ್ಲಿ ಇಂಥ ಸ್ಪರ್ಧೆಯ ಗೋಜೇ ಇಲ್ಲ’ ಎಂದು ನಗುತ್ತಾರೆ. ಸದಸ್ಯನಿಗೆ ಮತವಿಲ್ಲದ್ದು ಚುನಾವಣೆಯೇ? ಚುನಾವಣಾ ಆಯೋಗ ಏಕೆ ಸುಮ್ಮನಿದೆ?
– ಓದುಗರೊಬ್ಬರು, ಬೈತಖೋಲ, ಕಾರವಾರ

ಉತ್ತರ: ನಿಮ್ಮ ಜಿಲ್ಲೆಯವರಿಗೆ ಇದು ಅಪರಿಚಿತ ಪದ್ಧತಿಯಲ್ಲ. ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ಸೊಸೈಟಿಗಳಲ್ಲಿ ಷೇರುದಾರರು ನಿರ್ದೇಶಕರನ್ನು ಆರಿಸುತ್ತಾರೆ, ಅಧ್ಯಕ್ಷರನ್ನು ಆರಿಸುವವರು ನಿರ್ದೇಶಕರು. ಅಲ್ಲಿ ಓಡಾಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ: ಯಾರು ಸುಸ್ತಿದಾರರು, ಯಾರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿಯಿತು ಎಂಬುದು ಇತ್ಯರ್ಥವಾದಾಗಲೇ ಚುನಾವಣೆ ಅರ್ಧ ಮುಗಿದಿರುತ್ತದೆ.

ಕಾಂಗ್ರೆಸ್ಸಿನಲ್ಲೂ ಹೀಗೆಯೇ. ಪಕ್ಷದ ನಿಯಮದ ಪ್ರಕಾರ ಬ್ಲಾಕ್ ಸಮಿತಿಯಿಂದ ಪ್ರದೇಶ ಸಮಿತಿಗೆ, ಅಂದರೆ ರಾಜ್ಯ ಮಟ್ಟದ ಸಮಿತಿಗೆ, ಒಬ್ಬ ಪ್ರತಿನಿಧಿ ಆಯ್ಕೆಯಾಗಬೇಕು. ಅವರ ಜೊತೆಗೆ ಜಿಲ್ಲಾ ಅಧ್ಯಕ್ಷರು, ಮಾಜಿ ಪ್ರದೇಶಾಧ್ಯಕ್ಷರು, ಶಾಸಕಾಂಗ ಪಕ್ಷದಿಂದ ಬಂದವರು ಸೇರುತ್ತಾರೆ. ಈ ಪ್ರತಿನಿಧಿಗಳೇ ಮತದಾರರು. 2022ರ ಅಕ್ಟೋಬರ್ 17ರಂದು ನಮ್ಮ ರಾಜ್ಯದ ಪ್ರತಿನಿಧಿಗಳು ಬೆಂಗಳೂರಿನ ಪ್ರದೇಶ ಕಚೇರಿಯಲ್ಲಿ ಮತ ಹಾಕಿದರು. ಭಾರತ್ ಜೋಡೋ ಯಾತ್ರೆಯಲ್ಲಿದ್ದವರಿಗೆ ಬಳ್ಳಾರಿ ಬಳಿಯ ಸಂಗನಕಲ್ಲಿನ ಶಿಬಿರದಲ್ಲಿ ಬೇರೆಯೇ ಮತಗಟ್ಟೆ ಇತ್ತು. ಎರಡು ದಿನಗಳ ನಂತರ ನಡೆದ ಎಣಿಕೆಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರಿಗೆ 7,897, ಶಶಿ ತರೂರ್ ಅವರಿಗೆ 1,072 ಮತಗಳು ಬಂದವು. 416 ಮತಗಳು ಅಸಿಂಧುವಾದವು.

ಮತಪತ್ರದ ವಿಷಯದಲ್ಲಿ ಒಂದು ಸಣ್ಣ ವಿವಾದವೂ ನಡೆಯಿತು. ತಮಗೆ ಬೇಕಾದವರ ಹೆಸರಿನ ಮುಂದೆ ‘1’ ಎಂದು ಬರೆಯಬೇಕೆಂಬುದು ಮೊದಲಿನ ಸೂಚನೆ. ಖರ್ಗೆಯವರದು ಮತಪತ್ರದಲ್ಲಿ ಒಂದನೆಯ ಕ್ರಮಸಂಖ್ಯೆಯಾದ್ದರಿಂದ ಅದು ಮತದಾರರನ್ನು ಗೊಂದಲಕ್ಕೆ ತಳ್ಳುತ್ತದೆ ಎಂದು ತರೂರ್ ಕಡೆಯವರು ತಕರಾರು ತೆಗೆದ ಮೇಲೆ, ಸರಿ ಗುರುತು ಹಾಕಿದರೆ ಸಾಕೆಂದು ಸೂಚನೆಯನ್ನೇ ಬದಲಿಸಲಾಯಿತು. ಆದರೆ ಅವರ ದೊಡ್ಡ ತಕರಾರು ಬೇರೆಯದಾಗಿತ್ತು: ಕೈಗೆ ಬಂದ ಪ್ರತಿನಿಧಿಗಳ ಪಟ್ಟಿಯಲ್ಲಿ ಅನೇಕರ ಸಂಪರ್ಕ ವಿವರಗಳೇ ಇರಲಿಲ್ಲ. ಪಕ್ಷದ ಸಂಸದ ಮನೀಶ್ ತಿವಾರಿಯಂಥವರು ಪಟ್ಟಿಯನ್ನು ಬಹಿರಂಗಪಡಿಸಿ ಎಂದು ಮೊದಲೇ ಕೇಳಿದ್ದರೂ ಪಕ್ಷ ಅದಕ್ಕೆ ಒಪ್ಪಿರಲಿಲ್ಲ. ಖರ್ಗೆಯವರು ಹೇಗೂ ಗೆಲ್ಲುತ್ತಿದ್ದರು ಎಂದೇ ನನ್ನ ಅಂದಾಜು. ಆದರೆ ಮತ ಕೇಳಲು ಯಾರ ಮನೆಯ ಬಾಗಿಲಿಗೆ ಹೋಗಬೇಕೆಂಬುದೇ ತಿಳಿಯದ ಅಭ್ಯರ್ಥಿಯನ್ನು ಸಮಬಲದ ಸ್ಪರ್ಧಿ ಎನ್ನುವುದು ಕಷ್ಟ.

ಗೆದ್ದ ಮಾತ್ರಕ್ಕೆ ಅಧಿಕಾರ ಕೈಸೇರುತ್ತದೆ ಎಂದೂ ಇಲ್ಲ. 1939ರ ಕಾಂಗ್ರೆಸ್ ಅಧ್ಯಕ್ಷ ಚುನಾವಣೆಯಲ್ಲಿ ಸುಭಾಷ್‌ಚಂದ್ರ ಬೋಸರು 1,580 ಮತ ಪಡೆದು, ಗಾಂಧೀಜಿಯ ಬೆಂಬಲವಿದ್ದೂ 1,377 ಮತ ಗಳಿಸಿದ ಪಟ್ಟಾಭಿ ಸೀತಾರಾಮಯ್ಯನವರನ್ನು ಸೋಲಿಸಿದರು. ಆದರೆ ಕಾರ್ಯಕಾರಿ ಸಮಿತಿಯನ್ನು ಗಾಂಧೀಜಿಯ ಇಚ್ಛೆಯಂತೆ ರಚಿಸಬೇಕೆಂಬ ನಿರ್ಣಯ ತ್ರಿಪುರಿ ಅಧಿವೇಶನದಲ್ಲಿ ಅಂಗೀಕಾರವಾಗಿ, ಏಪ್ರಿಲ್ ಮುಗಿಯುವಷ್ಟರಲ್ಲಿ ಬೋಸರು ರಾಜೀನಾಮೆ ಕೊಡಬೇಕಾಯಿತು. (ಆಗ ಕಾರವಾರ, ಅಂಕೋಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಕಾಂಗ್ರೆಸ್ ಮಾತ್ರ 1920ರ ನಾಗಪುರ ಅಧಿವೇಶನದ ನಂತರ ಭಾಷೆಯ ಆಧಾರದಲ್ಲಿ ಪ್ರಾಂತ ಸಮಿತಿಗಳನ್ನು ಕಟ್ಟಿದ್ದರಿಂದ, ನಿಮ್ಮ ಕಡೆಯವರು ಏಕೀಕರಣಕ್ಕೆ ಮೂರೂವರೆ ದಶಕ ಮೊದಲೇ ಪಕ್ಷದ ಲೆಕ್ಕದಲ್ಲಿ ಕರ್ನಾಟಕದವರಾಗಿದ್ದರು.)

ನಿಮ್ಮ ಗೆಳೆಯರಿಗೂ ಒಂದು ಮಾತು. ಬಿಜೆಪಿಯ ಸಂವಿಧಾನದಲ್ಲೂ ಅಧ್ಯಕ್ಷರ ಚುನಾವಣೆಯ ನಿಯಮವಿದೆ. ರಾಷ್ಟ್ರೀಯ ಪರಿಷತ್ತು ಮತ್ತು ರಾಜ್ಯ ಪರಿಷತ್ತುಗಳ ಸದಸ್ಯರು ಅಲ್ಲಿ ಮತದಾರರು. 2020ರಲ್ಲಿ ಜೆ.ಪಿ. ನಡ್ಡಾ ಆಯ್ಕೆಯಾದದ್ದು ಅವಿರೋಧವಾಗಿ. ಜಗಳವಿಲ್ಲ ಎನ್ನುವುದು ನಿಜ; ಹೆಸರು ಬೇರೆಡೆ ಮೊದಲೇ ತೀರ್ಮಾನವಾಗಿರುತ್ತದೆ ಎನ್ನುವುದೂ ಅಷ್ಟೇ ನಿಜ.

ಇನ್ನು ಆಯೋಗದ ವಿಷಯ. ಪ್ರಜಾಪ್ರತಿನಿಧಿತ್ವ ಕಾಯ್ದೆಯ 29ಎ ಕಲಮಿನಡಿ ಅದು ಪಕ್ಷಗಳನ್ನು ನೋಂದಾಯಿಸುತ್ತದೆ, ಆಂತರಿಕ ಚುನಾವಣೆ ನಡೆಸಿ ಎಂದು ನೆನಪಿಸುತ್ತದೆ. ಆದರೆ ಮೋಸದಿಂದ ನೋಂದಣಿ ಪಡೆದಂಥ ಕೆಲವೇ ಸಂದರ್ಭಗಳನ್ನು ಬಿಟ್ಟರೆ ನೋಂದಣಿ ರದ್ದುಮಾಡುವ ಅಧಿಕಾರ ಅದಕ್ಕಿಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2022ರಲ್ಲಿ ಆಂಧ್ರದ ವೈಎಸ್‌ಆರ್ ಕಾಂಗ್ರೆಸ್ಸಿನಲ್ಲಿ ಶಾಶ್ವತ ಅಧ್ಯಕ್ಷರ ಮಾತು ಬಂದಾಗ ಆಯೋಗ ಅದನ್ನು ಸ್ಪಷ್ಟವಾಗಿ ವಿರೋಧಿಸಿತು. ಅಧ್ಯಕ್ಷರಿಗೆ ಯಾರು ಮತ ಹಾಕಬೇಕೆಂಬುದನ್ನು ಮಾತ್ರ ಅದು ಪಕ್ಷದ ನಿಯಮಕ್ಕೇ ಬಿಟ್ಟಿದೆ.

ಹಾಗಾಗಿ ನಿಮ್ಮ ರಸೀದಿಗೆ ಬೆಲೆ ಇರುವುದು ದೆಹಲಿಯಲ್ಲಲ್ಲ, ಕಾರವಾರದ ಬ್ಲಾಕ್ ಸಮಿತಿಯಲ್ಲಿ. ಮುಂದಿನ ಸಾಂಸ್ಥಿಕ ಚುನಾವಣೆ ಘೋಷಣೆಯಾದ ಕೂಡಲೇ ಅಲ್ಲಿಗೆ ಹೋಗಿ, ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ, ಪ್ರತಿನಿಧಿಯನ್ನು ಗುಪ್ತ ಮತದಾನದಿಂದ ಆರಿಸುತ್ತಾರೆಯೇ ಅಥವಾ ಮೇಲಿನಿಂದ ಬಂದ ಹೆಸರನ್ನು ಓದಿ ಚಪ್ಪಾಳೆ ತಟ್ಟಿಸುತ್ತಾರೆಯೇ ಎಂದು ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಗೆ ಸ್ವೀಕೃತಿ ಪಡೆದಿಟ್ಟುಕೊಳ್ಳಿ.