ಪ್ರಾರ್ಥಿಸಿದರೂ ನೆಮ್ಮದಿ ಸಿಗುತ್ತಿಲ್ಲ ಎಂದವರಿಗೆ

ಊರು ಬಿಟ್ಟು ಹೊಸ ಕೆಲಸಕ್ಕೆ ಸೇರಿದ ಮೇಲೆ, ರಾತ್ರಿ ಎಷ್ಟು ಪ್ರಾರ್ಥಿಸಿದರೂ ದೇವರು ದೂರವಾದಂತೆ ಅನಿಸುತ್ತದೆ ಎಂದಿದ್ದೀರಿ. ಇದಕ್ಕೆ ದಣಿವೇ ಕಾರಣ ಇರಬೇಕು. ನಿಮ್ಮ ನಂಬಿಕೆಯನ್ನು ಅನುಮಾನಿಸಬೇಡಿ. ನನಗೂ ಹೀಗೇ ಆಗಿತ್ತು.

ಮೊದಲು ಬೈಬಲಿನ ಒಂದನೇ ಅರಸುಗಳು ಪುಸ್ತಕದ 19ನೇ ಅಧ್ಯಾಯ ಓದಿ. ಪ್ರವಾದಿ ಎಲೀಯ ಸಾಕಾಗಿ, ನನ್ನ ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಮಲಗುತ್ತಾನೆ. ದೇವರು ಬೈಯುವುದಿಲ್ಲ. ದೂತ ಬಂದು ರೊಟ್ಟಿ, ನೀರು ಕೊಡುತ್ತಾನೆ. ಅವನು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲವೂ ಎಬ್ಬಿಸಿ ತಿನ್ನಲು ಹೇಳುತ್ತಾನೆ, ಮುಂದಿನ ದಾರಿ ದೂರ ಎಂದು. ಹೋರೇಬ್ ಬೆಟ್ಟದಲ್ಲಿ ದೇವರು ಮಾತಾಡುವುದು ಆಮೇಲೆ. ನನಗೆ ಈ ಕ್ರಮವೇ ದೊಡ್ಡ ಧೈರ್ಯ.

ಹಾಗಾಗಿ ಈ ವಾರ ಊಟ, ನಿದ್ದೆ ಮೊದಲು. ಪ್ರಾರ್ಥನೆಯನ್ನು ಸಂಜೆಗೆ ತನ್ನಿ. ಬೇಡಿಕೆಗಳ ಪಟ್ಟಿ ಸದ್ಯಕ್ಕೆ ಬಿಟ್ಟು ಬೈಬಲಿನ 13ನೇ ಕೀರ್ತನೆಯನ್ನು ಜೋರಾಗಿ ಓದಿ. ಆರೇ ವಚನ, ಶುರುವಾಗುವುದೇ ದೂರಿನಿಂದ. ದೂರನ್ನೂ ದೇವರ ಮುಂದೆ ಇಡಬಹುದು, ಅಲ್ವಾ? ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿರಿ. ಮಲಗುವಾಗ 4ನೇ ಕೀರ್ತನೆಯ ಕೊನೆಯ ವಚನ ಸಾಕು.

ಎಷ್ಟು ದಿನಕ್ಕೆ ಹಗುರಾಗುತ್ತದೋ ಹೇಳಲಾರೆ. ಎರಡು ವಾರವಾದರೂ ನಿದ್ದೆ ಬಾರದಿದ್ದರೆ ವೈದ್ಯರನ್ನು ನೋಡಿ. ಬದುಕೇ ಬೇಡ ಅನಿಸಿದರೆ ಮಾತ್ರ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಆಗಲೇ ಕರೆ ಮಾಡಿ.